ಅಟ್ಟದ ಕೆಳಗಿನ ಇದ್ದಿಲು

ಬೆಳಿಗ್ಗೆ ಒಗೆದು ಹರವಿದ ಬಟ್ಟೆ ಸಂಜೆಗೆ ಕಪ್ಪಾಗಿರುತ್ತಿತ್ತು. ಹಂದನಕೆರೆ ಪಕ್ಕದ ಆ ಪಾಳ್ಯದಲ್ಲಿ, ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ, ಹೆಂಗಸರ ಜಗಳವೆಲ್ಲ ಇದರಿಂದಲೇ ಹುಟ್ಟುತ್ತಿತ್ತು. ಜಗಳ ಎಲ್ಲೇ ಹುಟ್ಟಲಿ, ಬಂದು ನಿಲ್ಲುತ್ತಿದ್ದುದು ಮರುಳಪ್ಪನ ಹಿತ್ತಲ ಬೇಲಿಯ ಮುಂದೆ.

ಹಿತ್ತಲಲ್ಲಿ ಗುಂಡಿ ತೋಡಿ ಮರುಳಪ್ಪ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುತ್ತಿದ್ದ. ಮೊದಲು ಚಿಪ್ಪನ್ನು ಯಾರು ಕೇಳುತ್ತಿದ್ದರು? ಕೊಬ್ಬರಿ ಸುಲಿದ ಮೇಲೆ ಉಳಿದದ್ದು ನೀರೊಲೆಗೆ ಹೋಗುತ್ತಿತ್ತು. ತಿಪಟೂರಿನ ಸನಾವುಲ್ಲಾ ಸಾಬರ ಲಾರಿ ಇದ್ದಿಲು ಕೊಳ್ಳಲು ಬರತೊಡಗಿತು ನೋಡಿ, ಚಿಪ್ಪಿಗೂ ಮರ್ಯಾದೆ ಬಂತು.

"ಅಲ್ಲ ಸಾಬ್ರೇ, ಈ ಕರೀ ಚೂರು ತಗೊಂಡೋಗಿ ಏನ್ ಮಾಡ್ತಾರೆ?" ಅಂತ ಮರುಳಪ್ಪ ಒಂದು ದಿನ ಕೇಳಿದ.

"ಹಡಗಿಗೆ ಹಾಕ್ತಾರೆ ಮರುಳಪ್ಪನೋರೇ. ಹೊರದೇಶದಲ್ಲಿ ಕಾನೂನು ಬಂದೈತೆ. ಕುಡಿಯೋ ನೀರನ್ನ ಸೋಸದೆ ಜನಕ್ಕೆ ಬಿಡಂಗಿಲ್ಲ. ಕಾರ್ಖಾನೆ ಗಾಳೀನ ಸೋಸದೆ ಆಚೆಗೆ ಬಿಡಂಗಿಲ್ಲ. ಸೋಸೋಕೆ ಇದ್ದಿಲು ಬೇಕು. ಅದ್ರಲ್ಲೂ ತೆಂಗಿನ ಚಿಪ್ಪಿಂದು ಅಂದ್ರೆ ಕಣ್ಣಿಗೆ ಒತ್ಕೊಂಡು ತಗೋತಾರೆ."

"ಅಲ್ಲೆಲ್ಲೋ ಸರ್ಕಾರ ಕಾನೂನು ಮಾಡುದ್ರೆ ಇಲ್ಲಿ ನಮ್ಮನೆ ಒಲೆ ಉರೀತದೆ ಅನ್ನಿ!"

"ಉರೀತೈತೆ, ಕಾಣ್ತಾ ಐತಲ್ಲ." ಸಾಬರು ಗುಂಡಿಯ ಹೊಗೆಗೆ ಉರಿಯುವ ಕಣ್ಣನ್ನು ಒರೆಸಿಕೊಂಡರು. "ಅವರ ಗಾಳಿ ಚೊಕ್ಕ ಮಾಡೋಕೆ ಹೋಗಿ ನಿಮ್ಮ ಗಾಳಿ ಕೆಡಿಸ್ಕೊಂಡ್ರಿ ನೀವು. ಗುಂಡೀನ ಊರಾಚೆ ಹಾಕ್ಬಾರ್ದಾ?"

ಮರುಳಪ್ಪ ನಕ್ಕುಬಿಟ್ಟ. ಒಳ್ಳೆಯವನೇ, ಆದರೆ ಬುದ್ಧಿ ಹೇಳುವವರನ್ನು ಕಂಡರೆ ಅವನಿಗೆ ನಗು ಮೊದಲು ಬರುತ್ತಿತ್ತು.

ಪಕ್ಕದ ಮನೆಯ ವೀರಭದ್ರಯ್ಯನಿಗೆ ನಗು ಬರಲಿಲ್ಲ. ಅವನ ಮನೆಯಲ್ಲಿ ದಮ್ಮಿನ ಕಾಯಿಲೆಯ ತಂದೆ ಇದ್ದರು. ಅವನು ಮೇಲಕ್ಕೆ ಅರ್ಜಿ ಬರೆದ. ಕೆಲವು ದಿನಕ್ಕೆ ಗ್ರಾಮಸೇವಕರು ಬಂದು, ಗಾಳಿ ಕೆಡಿಸುವುದರ ಮೇಲೆ ನಮ್ಮ ದೇಶದಲ್ಲೂ ಕಾನೂನು ಬಂದಿದೆ, ಊರೊಳಗೆ ಹೀಗೆ ಹೊಗೆ ಹಾಕಕೂಡದು, ತುಮಕೂರಿನಿಂದ ಆಫೀಸರು ಬಂದು ನೋಡುತ್ತಾರೆ ಅಂತ ಹೇಳಿಹೋದರು.

ಮರುಳಪ್ಪ ಕೆಂಡವಾದ. "ನೋಡವ್ವ, ಆ ದೇಶದ ಕಾನೂನು ನಮ್ಗೆ ಅನ್ನ ಹಾಕ್ತದೆ. ನಮ್ ದೇಶದ್ದು ತಟ್ಟೆ ಕಿತ್ಕೊತದೆ" ಅಂತ ತಾಯಿ ನಿಂಗಮ್ಮನ ಮುಂದೆ ಕೂಗಾಡಿದ. ಗುಂಡಿಯನ್ನು ತೋಟದಾಚೆಯ ಬಯಲಿಗೆ ಹಾಕಬಹುದಿತ್ತು. ಅಷ್ಟು ದೂರ ಚಿಪ್ಪು ಹೊರಬೇಕು, ಕಾಯಬೇಕು. ಅದರ ಬದಲು ಅವನಿಗೆ ಒಂದು ಉಪಾಯ ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ನಮ್ಮ ಕಡೆ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ವರ್ಷ ಬಿಡುತ್ತೇವೆ. ಒಳಗೆ ನೀರೆಲ್ಲ ಇಂಗಿ ಕೊಬ್ಬರಿ ಉಂಡೆ ಕಟ್ಟುತ್ತದೆ. ಅಟ್ಟದ ಕೆಳಗೆ ಒಲೆ ಉರಿದರೆ ಆ ಹೊಗೆಯ ಕಾವಿಗೆ ಕೊಬ್ಬರಿ ಇನ್ನೂ ಚೆನ್ನಾಗಿ ಆಗುತ್ತದೆ ಅಂತ ಅಜ್ಜಂದಿರ ಕಾಲದಿಂದ ನಂಬಿಕೊಂಡು ಬಂದಿದ್ದೇವೆ. ಮರುಳಪ್ಪನೂ ಆ ನಂಬಿಕೆಯಲ್ಲೇ ಬೆಳೆದವನು. ಮಬ್ಬು ಇರುವಾಗಲೇ ಗುಂಡಿ ಹೊತ್ತಿಸಿ, ದಟ್ಟ ಹೊಗೆ ಅಡಗಿ ಕೆಂಡವಾಗುತ್ತಲೇ ಡ್ರಮ್ಮುಗಳಿಗೆ ತುಂಬಿ, ಊರು ಏಳುವುದರೊಳಗೆ ಅಂಗಳದ ಕೊಬ್ಬರಿ ಮನೆಯೊಳಗೆ, ಅಟ್ಟದ ಕೆಳಗೆ ಇಟ್ಟುಬಿಡುವುದು. ಮೇಲೆ ತಗಡು ಮುಚ್ಚಿದರೆ ಮಿಕ್ಕದ್ದು ಒಳಗೇ ಬೇಯುತ್ತದೆ. ಬೀದಿಗೆ ಹೊಗೆಯಿಲ್ಲ, ಕೊಬ್ಬರಿಗೆ ಕಾವು. ಒಂದೆಳೆ ಹೊಗೆಯೂ ಆಚೆಗೆ ಕಾಣಬಾರದೆಂದು ಹೆಂಚಿನ ಸಂದಿಗೆಲ್ಲ ತೆಂಗಿನ ನಾರು ತುರುಕಿ ಮಣ್ಣು ಮೆತ್ತಿದ. ನಿಂಗಮ್ಮ ಮಗನ ಜಾಣತನಕ್ಕೆ ಹಿಗ್ಗಿದಳು.

ಹೆಂಡತಿ ಗುರುಶಾಂತಮ್ಮ ಹಿಗ್ಗಲಿಲ್ಲ. ಅಟ್ಟ ಹತ್ತುವವಳು ಅವಳು. ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಉಂಡೆ ಚಿಪ್ಪು ಬಿಟ್ಟು ಲೊಟಗುಟ್ಟುತ್ತದೋ ಅಂತ ನೋಡಿ, ಆದದ್ದನ್ನು ಬೇರೆ ಮಾಡುವುದು ಅವಳ ಕೆಲಸ. ಈಗೀಗ ಅಟ್ಟ ಹತ್ತಿದರೆ ತಲೆ ಸಿಡಿಯುತ್ತಿತ್ತು, ಹೊಟ್ಟೆ ತೊಳಸುತ್ತಿತ್ತು.

"ಈ ವಯಸ್ನಲ್ಲಿ ಇನ್ನೊಂದಾ ಏನೇ?" ಅಂತ ನಿಂಗಮ್ಮ ರೇಗಿಸಿದಳು. ಗುರುಶಾಂತಮ್ಮ ನಗಲೂ ಆಗದೆ ಬಾವಿಕಟ್ಟೆಯ ಮೇಲೆ ತಲೆ ಹಿಡಿದು ಕೂತಳು.

ಮಕ್ಕಳಿಗೆ ಪೋಲಿಯೋ ಹನಿ ಹಾಕಲು ಬಂದ ನರ್ಸಮ್ಮ ಬಷೀರುನ್ನೀಸಾ ಅವಳನ್ನು ಹಾಗೇ ಕಂಡರು. "ತಲೆನೋವು ಯಾವಾಗ ಬರುತ್ತೆ ಗುರುಶಾಂತಮ್ಮ?"

"ಅಟ್ಟ ಹತ್ದಾಗ ಕಣ್ರೀ. ಇಳ್ದು ಇಲ್ಲಿ ಗಾಳಿಗೆ ಕುಂತ್ರೆ ಬುಡ್ತದೆ."

ನರ್ಸಮ್ಮ ಕೊಬ್ಬರಿ ಮನೆಯೊಳಗೆ ಕಾಲಿಟ್ಟು ಡ್ರಮ್ಮು ನೋಡಿದವರೇ ತಿರುಗಿ ಬಂದರು. "ಮರುಳಪ್ಪಣ್ಣ, ಇದನ್ನ ಈಗಲೇ ಆಚೆಗೆ ಹಾಕಿ. ಮುಚ್ಚಿದ ಜಾಗದಲ್ಲಿ ಕೆಂಡ ಬೆಂದರೆ ವಿಷದ ಗಾಳಿ ಹುಟ್ಟುತ್ತೆ."

"ಹೊಗೆನೇ ಇಲ್ವಲ್ಲ ನರ್ಸಮ್ಮ! ನೋಡಿ, ಯಾರಾದ್ರೂ ಕೆಮ್ಮುತಾವ್ರಾ?"

"ಅದೇ ಭಯ ನನಗೆ. ಆ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮೂ ಬರಲ್ಲ. ರಕ್ತಕ್ಕೆ ಸೇರಿ ಉಸಿರಿನ ಜಾಗಾನೇ ಹಿಡ್ಕೊಂಡುಬಿಡುತ್ತೆ. ಮೊದಲು ತಲೆನೋವು, ವಾಕರಿಕೆ. ಆಮೇಲೆ ಕೈಕಾಲು ಸೋಲುತ್ತೆ, ಜೋಂಪು ಹತ್ತುತ್ತೆ. ಜೋಂಪು ಹತ್ತಿದ ಮೇಲೆ ತಾನಾಗಿ ಎದ್ದು ಬರೋಕೆ ಆಗಲ್ಲ."

"ಅಯ್ಯೋ ನಮ್ಮವ್ವ, ಅಟ್ಟದ ಕೆಳ್ಗೆ ಒಲೆ ಉರ್ಸಿ ಉರ್ಸಿ ನಾನು ಮುದುಕಿ ಆಗಿವ್ನಿ. ಯಾರ್ ಸತ್ರು?" ಅಂದಳು ನಿಂಗಮ್ಮ.

"ನಿಮ್ಮ ಒಲೆ ಮನೆಗೆ ಹೆಂಚಿನ ಸಂದಿ ಇತ್ತು ಅಜ್ಜಿ, ಬಾಗಿಲು ತೆಗೆದಿರ್ತಿತ್ತು. ಇಲ್ಲಿ ನಿಮ್ಮ ಮಗ ಗಾಳಿ ಆಡೋಕೆ ಒಂದು ತೂತೂ ಬಿಟ್ಟಿಲ್ಲ."

ಮರುಳಪ್ಪ ತಲೆ ಕೆರೆದುಕೊಂಡ. "ಇದೊಂದು ಲಾರಿ ತುಂಬ್ಲಿ ನರ್ಸಮ್ಮ. ಆಮೇಲೆ ಎಲ್ಲಾನೂ ಬಯಲಿಗೆ ಸಾಗುಸ್ತೀನಿ."

"ಅಲ್ಲೀಗಂಟ ಆ ಸಂದಿ ಮಣ್ಣಾದ್ರೂ ಕೀಳ್ರೀ" ಅಂದಳು ಗುರುಶಾಂತಮ್ಮ.

"ಕೀಳೋಣ ಬುಡೇ."

ಕೀಳಲಿಲ್ಲ.

ಲಾರಿ ಬರುವುದಕ್ಕೆ ಒಂದು ದಿನ ಮುಂಚೆ ಕೆರೆ ಏರಿಯ ಮೇಲೆ ಜೀಪಿನ ಸದ್ದು ಕೇಳಿತು. ಕೊಬ್ಬರಿ ಮನೆಯಲ್ಲಿ ಡ್ರಮ್ಮುಗಳು ಕಾದು ಕೂತಿದ್ದವು. ಗುರುಶಾಂತಮ್ಮ ಆಗಲೇ ಬಹಳ ಹೊತ್ತಿನಿಂದ ಅಟ್ಟದ ಮೇಲಿದ್ದಳು. ಮರುಳಪ್ಪ ಬಾಗಿಲಿಗೆ ಓಡಿದ.

"ಲೇ, ಆಫೀಸರು ಬಂದ್ರು ಕಣೇ. ಅಲ್ಲೇ ಇರು, ಉಸಿರೆತ್ಬೇಡ."

"ತಲೆ ಸಿಡೀತಾ ಐತೆ ಕಣ್ರೀ. ಇಳ್ದು ಬಂದ್ಬುಡ್ತೀನಿ."

"ಮೈಯೆಲ್ಲ ಮಸಿ ಮಾಡ್ಕೊಂಡಿದೀಯ, ನಿನ್ ಸೀರೆ ನೋಡುದ್ರೇ ಗೊತ್ತಾಯ್ತದೆ. ಹಿಂಗ್ ಬಂದು ಹಂಗ್ ಹೋಗ್ತಾರೆ. ಒಂದ್ ಗಳಿಗೆ ತಡ್ಕೊಳೇ."

ಮೇಲಿನಿಂದ ಮಾತು ಬರಲಿಲ್ಲ. ಒಪ್ಪಿದಳು ಅಂತ ತಿಳಿದು ಅವನು ಬಾಗಿಲೆಳೆದು ಬೀಗ ಹಾಕಿದ.

ಜೀಪಿನಿಂದ ಇಳಿದವರು ತೋಂಟದಾರ್ಯ ಅನ್ನುವ ಎಳೆಯ ವಯಸ್ಸಿನ ಆಫೀಸರು. ದಾರಿಯಲ್ಲಿ ಸಿಕ್ಕಿದ ನರ್ಸಮ್ಮನೂ ಜೊತೆಗಿದ್ದರು. ಮರುಳಪ್ಪ ಜಗಲಿಯ ಮೇಲೆ ಚಾಪೆ ಹಾಸಿ ಎಳನೀರು ಕೆತ್ತಿ ಕೊಟ್ಟ.

"ಎಲ್ಲಿ ಯಜಮಾನರೇ, ಹೊಗೆನೇ ಕಾಣಲ್ಲ?"

"ನಿಲ್ಸೇಬುಟ್ಟೆ ಸ್ವಾಮಿ."

"ನಿಲ್ಲಿಸಿ ಅಂತ ಯಾರು ಹೇಳಿದರು? ಇದು ಹೊರದೇಶಕ್ಕೆ ಹೋಗೋ ಮಾಲು, ನಾಲ್ಕು ಜನಕ್ಕೆ ಕೆಲಸ ಕೊಡುತ್ತೆ. ನಿಮಗೆ ದಂಡ ಹಾಕೋಕೆ ಬಂದಿಲ್ಲ ನಾನು. ಬಯಲಲ್ಲಿ ಗೂಡು ಹೇಗೆ ಕಟ್ಟೋದು ಅಂತ ತೋರಿಸೋಕೆ ಬಂದೆ."

ಮರುಳಪ್ಪನಿಗೆ ಹೋದ ಜೀವ ಬಂದಂತಾಯಿತು. ಆಫೀಸರು ಅಂಗಳಕ್ಕಿಳಿದು ಕಡ್ಡಿಯಿಂದ ಮಣ್ಣಿನಲ್ಲಿ ಬರೆದು ತೋರಿಸಿದರು. ಇದು ಡ್ರಮ್ಮು, ಇದು ಮುಚ್ಚಳ, ಇದು ಹೊಗೆಕೊಳವೆ, ಗಾಳಿಗೆ ಕೆಳಗೆ ತೂತು. ಗುಂಡಿಯಲ್ಲಿ ಸುಟ್ಟರೆ ಅರ್ಧ ಚಿಪ್ಪು ಬೂದಿಯಾಗಿ ಹೋಗುತ್ತದೆ, ಇದರಲ್ಲಿ ಅಷ್ಟೇ ಚಿಪ್ಪಿಗೆ ಇದ್ದಿಲು ಹೆಚ್ಚು ಬೀಳುತ್ತದೆ. ಮರುಳಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಕೊಳವೆ ಎಷ್ಟುದ್ದ ಸ್ವಾಮಿ? ತೂತು ಯಾವಾಗ ಮುಚ್ಚಬೇಕು? ಕೇಳುತ್ತ ಕೇಳುತ್ತ ಬೀಗ ಮರೆತೇಹೋಯಿತು. ಅದನ್ನು ನೆನೆದರೆ ಈಗಲೂ ಅವನು ತಲೆ ಚಚ್ಚಿಕೊಳ್ಳುತ್ತಾನೆ.

"ಹಾಗಾದ್ರೆ ಒಳಗಿನ ಡ್ರಮ್ಮೂ ತೆಗೆದಿರಿ ಅನ್ನಿ. ಗುರುಶಾಂತಮ್ಮ ಕಾಣಲಿಲ್ಲ?" ಅಂದರು ನರ್ಸಮ್ಮ.

"ಅವ್ಳು ತೌರಿಗೆ ಹೋಗವ್ಳೆ. ಚಿಕ್ಕನಾಯಕನಹಳ್ಳಿಗೆ."

ನಿಂಗಮ್ಮ ಮಗನ ಮುಖ ನೋಡಿದಳು. ಬಾಯಿ ತೆಗೆದರೆ ಮಗನನ್ನು ಎಳೆದುಕೊಂಡು ಹೋಗುತ್ತಾರೋ ಅಂತ ಮುದುಕಿ ಸೆರಗು ಬಾಯಿಗಿಟ್ಟುಕೊಂಡು ಸುಮ್ಮನಾದಳು. ಮರುಳಪ್ಪ ಆಗ ಒಂದು ಸಲ ಕೊಬ್ಬರಿ ಮನೆಯ ಕಡೆ ಕಿವಿಗೊಟ್ಟ. ಒಂದು ಕೆಮ್ಮಿಲ್ಲ. ಹೇಳಿದ ಮಾತು ನಡೆಸುವವಳು ಅಂತ ಹೆಂಡತಿಯ ಮೇಲೆ ಅಭಿಮಾನವೇ ಬಂತು.

ನರ್ಸಮ್ಮನನ್ನೂ ಕೂರಿಸಿಕೊಂಡು ಜೀಪು ಹೊರಟಿತು. ಅವನು ಬೀಗ ತೆಗೆದು ಒಳಗೆ ನುಗ್ಗಿದ. "ಬಾರೇ, ಹೋದ್ರು. ಒಳ್ಳೇ ಮನುಷ್ಯ ಕಣೇ, ದಂಡನೂ ಇಲ್ಲ ಏನೂ ಇಲ್ಲ. ಗೂಡು ಕಟ್ಟೋದು ಹೇಳ್ಕೊಟ್ಟವ್ರೆ" ಅನ್ನುತ್ತಲೇ ಏಣಿ ಹತ್ತಿದ.

ಗುರುಶಾಂತಮ್ಮ ಕಾಯಿರಾಶಿಗೆ ಒರಗಿ ಕೂತಿದ್ದಳು. ಮಡಿಲಲ್ಲಿ ಒಂದು ಕಾಯಿ. ಮುಖ ಕೆಂಪಗಿತ್ತು, ಬಿಸಿಲಲ್ಲಿ ನಡೆದು ಬಂದವರ ಹಾಗೆ. ನಿದ್ದೆ ಹೋಗಿದ್ದಾಳೆ ಅಂದುಕೊಂಡು ಭುಜ ಅಲ್ಲಾಡಿಸಿದ. ತಲೆ ಪಕ್ಕಕ್ಕೆ ವಾಲಿತು.

ಅವನ ಕೂಗಿಗೆ ಓಡಿಬಂದವನು ವೀರಭದ್ರಯ್ಯ. ಇಬ್ಬರೂ ಸೇರಿ ಅವಳನ್ನು ಇಳಿಸಿ ಬಾವಿಕಟ್ಟೆಗೆ ತಂದರು. ವೀರಭದ್ರಯ್ಯ ಅಡ್ಡದಾರಿಯಲ್ಲಿ ಸೈಕಲ್ ತುಳಿದು ಜೀಪನ್ನು ಅಡ್ಡಹಾಕಿ ಕರೆತಂದ. ನರ್ಸಮ್ಮ ಅವಳ ಬಾಯಿಗೆ ಬಾಯಿಟ್ಟು ಉಸಿರು ಊದಿದರು, ಎದೆ ಒತ್ತಿದರು, ಜೀಪಿನಲ್ಲೂ ಬಿಡಲಿಲ್ಲ. ಆಸ್ಪತ್ರೆ ಸೇರುವ ಮೊದಲೇ ಅವರ ಕೈ ನಿಂತಿತು. ಗುರುಶಾಂತಮ್ಮನ ಸೆರಗನ್ನು ಅವಳ ಮುಖದ ಮೇಲೆ ಎಳೆದು, ಪಕ್ಕದಲ್ಲಿ ಕೂತಿದ್ದ ಮರುಳಪ್ಪನಿಗೆ ಒಂದೇ ಮಾತು ಅಂದರು.

"ತೌರಿಗೆ ಹೋಗವ್ಳೆ ಅಂದ್ರಲ್ಲಣ್ಣ."

ತೋಟದ ಮೂಲೆಯಲ್ಲಿ ಅವಳನ್ನು ಮಣ್ಣು ಮಾಡಿದರು. ಸನಾವುಲ್ಲಾ ಸಾಬರು ಬಂದು ಲಾರಿಯನ್ನು ದೂರದಲ್ಲೇ ನಿಲ್ಲಿಸಿ ಜಗಲಿಯ ಮೇಲೆ ಕೂತರು.

"ಸಾಬ್ರೇ, ಆ ದೇಶದಲ್ಲಿ ಜನ ಹಿಂಗ್ ಸಾಯಲ್ವಾ?" ಅಂದ ಮರುಳಪ್ಪ.

"ಸಾಯ್ತಿದ್ರಂತೆ ಮರುಳಪ್ಪನೋರೇ. ಸತ್ತೂ ಸತ್ತೂ ಸಾಕಾಗಿ ಕಾನೂನು ಮಾಡ್ಕೊಂಡವ್ರೆ. ಇಲ್ಲೂ ಅದಕ್ಕೇ ಮಾಡಿದ್ದು."

ಒಳಗಿದ್ದ ನಿಂಗಮ್ಮ ಎದ್ದು ಬಂದಳು. ಹಾರೆ ಹಿಡಿದು, ಕೊಬ್ಬರಿ ಮನೆಯ ಏಣಿ ಹತ್ತಿ, ಹೆಂಚಿನ ಸಂದಿಯ ಮಣ್ಣನ್ನು ತಾನೇ ಕಿತ್ತಳು. ಬೇಡ ಅಂದವರ ಮಾತು ಕೇಳಲಿಲ್ಲ. "ಬಾಯಿ ಇತ್ತಲ್ಲಪ್ಪ ನಂಗೆ, ಇತ್ತಲ್ಲ" ಅಂತ ಅಳುತ್ತ ಕಿತ್ತಳು.

ಈಗ ಮರುಳಪ್ಪನ ಗೂಡು ಬಯಲಲ್ಲಿದೆ. ಮುಚ್ಚಳ ಇದೆ, ಕೊಳವೆ ಇದೆ, ಇದ್ದಿಲು ಅಲ್ಲೇ ತಣ್ಣಗಾಗುತ್ತದೆ. ಕಟ್ಟಲು ಕೈ ಹಾಕಿದವರಲ್ಲಿ ವೀರಭದ್ರಯ್ಯನೂ ಒಬ್ಬ. ನರ್ಸಮ್ಮ ಎಲ್ಲಿಗೆ ಕರೆದರೂ ನಡೆದದ್ದನ್ನು ಹೇಳಲು ಮರುಳಪ್ಪ ಹೋಗುತ್ತಾನೆ. ಹಾಲ್ಕುರಿಕೆಯಲ್ಲಿ ಮಹಿಳಾ ಮಂಡಳಿಯವರ ಮುಂದೆ ನಿಂತಾಗ ಒಬ್ಬಾಕೆ, "ಹೊಗೆ ಇಲ್ದಿದ್ರೆ ಏನ್ ಭಯ ಬುಡಿ" ಅಂದಳು. ಅವನು ಕೈ ಮುಗಿದು ಹೇಳಿದ: "ನಾನೂ ಹಂಗೇ ಅಂದೆ ಕಣವ್ವ. ಕಾನೂನು ಬಂದಿದ್ದು ನಮ್ ಉಸಿರು ಕಾಯಕ್ಕೆ. ನಾನು ಆಫೀಸರ ಕಣ್ಣಿಗೆ ಕಾಣ್ದಿದ್ರೆ ಸಾಕು ಅನ್ಕಂಡೆ."

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಇದ್ದಿಲಿಗೆ ದೂರದ ದೇಶದಲ್ಲಿ ಗಿರಾಕಿ ಇದ್ದಾರೆ, ಸಂತೋಷ. ಮಾಡಿ, ಮಾರಿ. ಆದರೆ ಗೂಡು ಊರಾಚೆ ಬಯಲಲ್ಲಿರಲಿ. ಕೆಂಡವಾಗಲಿ, ಪೂರ್ತಿ ಆರದ ಇದ್ದಿಲಾಗಲಿ, ಮನೆಯೊಳಗೆ ತರಬೇಡಿ, ಅಟ್ಟದ ಕೆಳಗೆ ಇಡಬೇಡಿ. ಒಳಗೆ ಹೋದಾಗ ತಲೆನೋವು ಬಂದು, ಆಚೆ ಬಂದರೆ ಬಿಡುತ್ತದೆ ಅಂದರೆ ಅದು ಬಿಸಿಲಿನದ್ದಲ್ಲ, ಪಿತ್ತದ್ದಲ್ಲ. ಬಾಗಿಲು ತೆಗೆಯಿರಿ, ಗಾಳಿಗೆ ಕರೆತನ್ನಿ, ಆಸ್ಪತ್ರೆಗೆ ಓಡಿ. ನೋಡಲು ಬಂದವರ ಹತ್ತಿರ ಸುಳ್ಳು ಹೇಳಬೇಡಿ.

ನಿಮ್ಮ ಅಟ್ಟದ ಕೆಳಗೆ ಈಗ ಇದ್ದಿಲು ಇದೆಯೇ? ಹಾಗಾದರೆ ಈ ಹಾಳೆ ಕೆಳಗಿಡಿ. ಮೇಲೆ ಯಾರಿದ್ದಾರೋ ಅವರನ್ನು ಹೆಸರು ಹಿಡಿದು ಕೂಗಿ. ಓಗೊಡುವಾಗಲೇ ಇಳಿಸಿಕೊಳ್ಳಿ.