ಗಾಜಿನ ಹಿಂದಿನ ಸಿಹಿ

ಒಲೆಕಟ್ಟೆಯ ಮೇಲಿದ್ದ ಸ್ಟ್ಯಾಂಡನ್ನು ಶಾಂತಕ್ಕ ಎತ್ತಿ ಬದಿಗಿಡಲು ಹೋದಾಗ ಉಗ್ರಪ್ಪ ಹಿಂದಿನಿಂದ ಕೂಗಿದ.

"ಅಕ್ಕ, ಅದನ್ನ ಅಲ್ಲೇ ಬಿಡ್ರಿ!"

ಹೆಂಡತಿ ಕೆಂಚಕ್ಕನನ್ನು ಹೊಲದಲ್ಲಿ ಮಣ್ಣು ಮಾಡಿ, ಸ್ನಾನ ಮುಗಿಸಿ ಆಗಷ್ಟೇ ಒಳಬಂದಿದ್ದ. ತಲೆಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಶಾಂತಕ್ಕ ಸತ್ತವಳ ಒಡಹುಟ್ಟಿದ ಅಕ್ಕ. ಬಾಗೂರಿನಿಂದ ಬಂದವಳ ದನಿ ಅತ್ತು ಅತ್ತು ಒಡೆದುಹೋಗಿತ್ತು.

"ಪಕ್ಕದ ಮನೆಯೋರು ಅನ್ನ ಸಾರು ತಂದವ್ರೆ. ಪಾತ್ರೆ ಇಡಾಕೆ ಜಾಗ ಬ್ಯಾಡವಾ?"

"ಕೆಳಗೆ ಇಡ್ರಿ."

ದಪ್ಪ ತಂತಿ ಬಗ್ಗಿಸಿ ಮಾಡಿದ ಓರೆ ಸ್ಟ್ಯಾಂಡು ಅದು. ಮುಂದೆ ಹಳೆಯ ಫೋಟೋದ ಗಾಜು. ಗಾಜಿನ ಮೇಲೆಲ್ಲ ತುಪ್ಪದ ಹನಿ, ಹಿಟ್ಟಿನ ಬೆರಳಚ್ಚು. ಹಿಂದಿದ್ದ ಪೇಪರಿನ ತುಂಡಿಗೆ ಮಾತ್ರ ಒಂದು ಕಲೆಯೂ ಇರಲಿಲ್ಲ.

* * *

ಕುರಿ ಕಾಯುವ ಹುಡುಗಿಯಾಗಿದ್ದಾಗ ಕೆಂಚಕ್ಕ ಒಮ್ಮೆ ರಾಮಗಿರಿ ಸ್ಟೇಷನ್ನಿನಲ್ಲಿ ರೈಲು ನೋಡುತ್ತ ನಿಂತಿದ್ದಳು. ಕಿಟಕಿಯಿಂದ ಯಾರೋ ಹೆಂಗಸು ಕೈ ಚಾಚಿ ಒಂದು ತುಂಡು ಸಿಹಿ ಕೊಟ್ಟಳು. ಅದರ ಹೆಸರು ಕೇಳುವುದರೊಳಗೆ ರೈಲು ಹೊರಟಿತು. ಆ ರುಚಿ ಮಾತ್ರ ನಾಲಿಗೆಯಿಂದ ಇಳಿಯಲೇ ಇಲ್ಲ.

ಮಗಳು ಲತಾ ಶಾಲೆಗೆ ಸೇರಿದಾಗ ಅವಳ ಪಕ್ಕ ಕೂತು ತಾನೂ ಅಕ್ಷರ ಕಲಿತಳು. ಪೇಪರಿನಲ್ಲಿ ಬಂದ ಸಿಹಿ ಅಡುಗೆಗಳನ್ನು ಕತ್ತರಿಸಿಟ್ಟುಕೊಂಡು ಒಂದೊಂದಾಗಿ ಮಾಡತೊಡಗಿದಳು.

"ಪಾಕ ಬರೋ ಹೊತ್ತಿಗೆ ಪೇಪರು ಒದ್ದೆಯಾಗಿ ಅಕ್ಷರಾನೇ ಕಾಣಲ್ಲ," ಎಂದು ಅವಳು ಗೊಣಗಿದ ಮೇಲೆ ಉಗ್ರಪ್ಪ ಈ ಸ್ಟ್ಯಾಂಡು ಮಾಡಿಕೊಟ್ಟ. ಅವನಿಗೆ ಓದು ಬಾರದು. ಅವಳು ಗಾಜಿನತ್ತ ಬಗ್ಗಿ, ತುಟಿ ಅಲ್ಲಾಡಿಸುತ್ತ ಓದುವುದನ್ನು ನೋಡುತ್ತ ಕೂರುತ್ತಿದ್ದ. ಮಾಡಿದ್ದನ್ನು ಕೇರಿಯೆಲ್ಲ ತಿಂದು ಹೊಗಳುತ್ತಿತ್ತು. ಅವಳು ಮಾತ್ರ ಗಂಡ ಊದಿ ಕೊಟ್ಟ ಚೂರು ಬಾಯಿಗಿಟ್ಟು ತಲೆಯಾಡಿಸುತ್ತಿದ್ದಳು.

"ಚೆನ್ನಾಗೈತೆ. ಆದ್ರೆ ಅದಲ್ಲ ಇದು."

* * *

"ಆ ಪೇಪರಿನಾಗೆ ಏನು ಬರದೈತೆ, ಓದವ್ವ," ಎಂದ ಉಗ್ರಪ್ಪ, ಹಿರಿಯೂರಿನಿಂದ ಬಂದಿದ್ದ ಮಗಳಿಗೆ. "ನಿನ್ನೆ ಸಂಜೆ ಸಿಗಿಸಿದ್ಲು. ಹಿಟ್ಟು ಜರಡಿ ಹಿಡಿದು ಇಟ್ಟವ್ಳೆ. ಬೆಳಿಗ್ಗೆ ಮಾಡ್ತೀನಿ ಅಂದಿದ್ಲು. ಬೆಳಿಗ್ಗೆ ಏಳಲೇ ಇಲ್ಲ."

ಲತಾ ಕಣ್ಣೊರೆಸಿಕೊಂಡು ಓದಿದಳು. "ಕಡಲೆಹಿಟ್ಟನ್ನು ತುಪ್ಪದಲ್ಲಿ ಸಣ್ಣ ಉರಿಯ ಮೇಲೆ ಘಮ ಬರುವವರೆಗೆ ಹುರಿಯಬೇಕು..."

ಉಗ್ರಪ್ಪ ಒಲೆ ಹಚ್ಚಿ ಬಾಣಲೆ ಇಟ್ಟ.

ಶಾಂತಕ್ಕ ಗಾಬರಿಯಾದಳು. "ಸೂತಕದ ಮನೇಲಿ ಸಿಹಿ ಮಾಡ್ತಾರೇನಪ್ಪ? ಜನ ಏನಂದಾರು?"

"ಏನಾರ ಅಂದ್ಕಳ್ಳಿ ಬಿಡ್ರಿ ಅಕ್ಕ. ಇದೇ ಅದಾಗಿದ್ರೆ?"

ಶಾಂತಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಲಕ್ಕಿ ಕುಟ್ಟಲು ಕುಳಿತಳು.

ಲತಾ ಒಂದು ಸಾಲು ಓದುವಳು, ಅಪ್ಪ ಅಷ್ಟು ಮಾಡುವನು. ಘಮ ಅಂಗಳಕ್ಕೆ ಹಬ್ಬಿತು; ಅಲ್ಲಿ ಕುಳಿತವರು ಬಾಗಿಲತ್ತ ತಿರುಗಿ ನೋಡಿದರು. ಯಾರೂ ಒಳಗೆ ಬರಲಿಲ್ಲ.

ಬಾಣಲೆ ಇಳಿಸಿ ಉಗ್ರಪ್ಪ ಚಮಚದ ತುದಿಯಲ್ಲಿ ಒಂಚೂರು ತೆಗೆದುಕೊಂಡ.

"ಹೆಂಗೈತಪ್ಪ?" ಎಂದಳು ಲತಾ.

ಅವನು ಬಾಯಿಗಿಡಲಿಲ್ಲ. ಚಮಚದ ಕೆಳಗೆ ಇನ್ನೊಂದು ಅಂಗೈ ಹಿಡಿದು, ಉಫ್ ಉಫ್ ಎಂದು ಮೆಲ್ಲಗೆ ಊದಿದ. ಅದು ತಣ್ಣಗಾದ ಮೇಲೂ ಊದುತ್ತಲೇ ಇದ್ದ.