ಸೂಚಕರು ಸಿಗದ ಗಾಡಿ

ನಾನು ಒಂದು ಶವವಾಹನ. ಕಾರ್ಖಾನೆಯಲ್ಲಿ ನನಗೆ ಚಕ್ರ ಜೋಡಿಸುವ ಮೊದಲೇ, ಪುರಸಭೆಯ ಸಭೆಯೊಂದರಲ್ಲಿ ನನ್ನ ಹುಟ್ಟು ನಿಂತುಹೋಗುವುದರಲ್ಲಿತ್ತು. ಆ ಕಥೆಯನ್ನು ನನಗೆ ಹೇಳಿದವನು ಚಾಲಕ ಮೌಲಾಸಾಬ್. ಖಾಲಿ ಗಾಡಿ ಓಡಿಸುವಾಗ ಅವನಿಗೆ ಮಾತಾಡುವ ಚಟ.

ಆ ವರ್ಷ ಸರ್ಕಾರದ ಅನುದಾನ ಬಂದಿತ್ತು. ಅದರಲ್ಲಿ ಏನೇನು ಕೊಳ್ಳಬೇಕೆಂದು ಮೊದಲು ಸದಸ್ಯರ ಸಭೆ ಒಪ್ಪಬೇಕು. ಆಮೇಲೆ ಜಿಲ್ಲಾಧಿಕಾರಿಯ ಮಂಜೂರಾತಿ, ಆಮೇಲೆ ಟೆಂಡರ್. ಪ್ರತಿಯೊಂದಕ್ಕೂ ಒಬ್ಬ ಸದಸ್ಯ ಸೂಚಕನಾಗಬೇಕು, ಇನ್ನೊಬ್ಬ ಅನುಮೋದಿಸಬೇಕು. ಸೊಳ್ಳೆಗೆ ಹೊಗೆ ಬಿಡುವ ಯಂತ್ರಕ್ಕೆ ಥಟ್ಟನೆ ಕೈಗಳು ಎದ್ದವು. ಕಸದ ಆಟೊ ಮೊದಲು ಯಾರ ವಾರ್ಡಿಗೆ ಎಂದು ಜಗಳವೇ ಆಯಿತು. ಮುಖ್ಯಾಧಿಕಾರಿ ನನ್ನ ಹೆಸರು ಓದಿದಾಗ ಎಲ್ಲರೂ ಚಹಾದ ಕಪ್ಪಿನೊಳಗೆ ನೋಡತೊಡಗಿದರು.

“ಯಾರರ ಒಬ್ರು ಸೂಚಕರಾಗ್ರೀ,” ಎಂದರು ಮುಖ್ಯಾಧಿಕಾರಿ.

“ಹೆಣದ ಗಾಡಿಗೆ ನನ್ನ ಹೆಸರಾ? ಮನ್ಯಾಗ ಮಗಳ ಮದುವಿ ಐತಿ, ಬ್ಯಾಡ್ರೀ ಸಾಹೇಬ್ರ,” ಎಂದ ಒಬ್ಬ ಸದಸ್ಯ.

“ಹಂಗಾರ ಆ ರೊಕ್ಕ ಪಾರ್ಕಿನ ಕಾರಂಜಿಗೆ ಹಾಕ್ರಿ,” ಎಂದ ಇನ್ನೊಬ್ಬ.

ಹಿಂದಿನ ಸಾಲಿನಲ್ಲಿ ಹುಲಿಗೆವ್ವ ಕೂತಿದ್ದಳು. ಊರಾಚೆಯ ಕೇರಿಯಿಂದ ಗೆದ್ದು ಬಂದವಳು. ಸಭೆಗೆ ಬಂದು ಸಹಿ ಮಾಡಿ ಹೋಗುವುದು ಬಿಟ್ಟರೆ ಅವಳ ದನಿಯನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಕೇರಿಯಿಂದ ಸ್ಮಶಾನ ದೂರ. ಅಲ್ಲಿ ಯಾರಾದರೂ ಸತ್ತರೆ ಪುರಸಭೆಯ ಕಸದ ಟ್ರ್ಯಾಕ್ಟರೇ ಒಯ್ಯುತ್ತಿತ್ತು.

ಅವಳು ಎದ್ದು ನಿಂತಳು. “ನಮ್ಮಪ್ಪ ಈ ಊರಿನ ಗಟಾರ ಬಳದಾಂವ. ಅವನ್ನ ಕಸದ ಟ್ರ್ಯಾಕ್ಟರ್‌ನ್ಯಾಗ ಒಯ್ದ್ವಿ. ಎಷ್ಟು ತೊಳದ್ರೂ ಅದರ ವಾಸನಿ ಹೋಗಲಿಲ್ಲ. ನನ್ನ ಹೆಸರು ಬರಕೊಳ್ರಿ.”

“ಅನುಮೋದನೆಗೆ?”

ಮತ್ತೆ ಎಲ್ಲರ ಕಣ್ಣು ಚಹಾದ ಕಪ್ಪಿಗೆ ಇಳಿಯಿತು. ಆಗ ಕಿರಾಣಿ ಬಜಾರಿನ ಹಿರಿಯ ಸದಸ್ಯ ಕಳಕಪ್ಪಜ್ಜ ಊರುಗೋಲು ಎತ್ತಿದ. “ನಂದು ಹಾಕ್ರಪಾ. ಹೆಂಗೂ ಮೊದಲ ಗಿರಾಕಿ ನಾನ ಅದೀನಿ. ಸೀಟು ಮೆತ್ತಗ ಇರಲಿ!”

ಸಭೆ ನಕ್ಕಿತು. ಆ ನಗುವಿನಲ್ಲಿ ನಾನು ಹುಟ್ಟಿದೆ.

ಟೆಂಡರ್ ಮುಗಿದು ನಾನು ಬಂದ ದಿನ ಸದಸ್ಯರು ಉಳಿದ ಹೊಸ ಗಾಡಿಗಳಿಗೆಲ್ಲ ಹಾರ ಹಾಕಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ನನ್ನ ಪಕ್ಕ ಯಾರೂ ಬರಲಿಲ್ಲ. ಮೌಲಾಸಾಬ್ ಚಕ್ರದಡಿ ನಿಂಬೆಹಣ್ಣು ಇಟ್ಟ. ಹುಲಿಗೆವ್ವ ಕಾಯಿ ಒಡೆದಳು.

ನನ್ನ ಮೊದಲ ಪ್ರಯಾಣ ಕೇರಿಯ ಒಬ್ಬ ಮುದುಕಿಯದು. ಅವಳ ಮೊಮ್ಮಕ್ಕಳು ನನ್ನ ಬಾಗಿಲು ಹಿಡಿದು ನಡೆದರು. ಸುದ್ದಿ ಊರಿಗೆಲ್ಲ ಹಬ್ಬಿತು. ಕೇರಿಯ ಹೆಣ ಹೊತ್ತ ಗಾಡಿ ತಮ್ಮ ಬಾಗಿಲಿಗೆ ಬೇಡ ಎಂದರು ಬಜಾರಿನವರು. ಕೆಲವು ಸದಸ್ಯರು ಒಂದು ದಾರಿ ಹುಡುಕಿದರು: ಗಾಡಿಯನ್ನು ತೊಳೆಸಿ ಊರಿಗೆ ಇಟ್ಟುಕೊಳ್ಳುವುದು, ಕೇರಿಗೆ ಮೊದಲಿನ ಹಾಗೆ ಟ್ರ್ಯಾಕ್ಟರ್. ಅದು ಮುಂದಿನ ಸಭೆಗೆ ಬರುವುದೆಂದು ತೀರ್ಮಾನವಾಯಿತು. ಹುಲಿಗೆವ್ವ ಪುರಸಭೆಯ ಅಂಗಳಕ್ಕೆ ಬಂದು ನನ್ನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಳು.

ಸಭೆಗೆ ಮೊದಲೇ ಕಳಕಪ್ಪಜ್ಜ ತೀರಿಕೊಂಡ. ಮಕ್ಕಳು ಬೇರೆ ಗಾಡಿಗೆ ಹೇಳಿದ್ದರು. ದರ್ಶನಕ್ಕೆ ಹೋದ ಹುಲಿಗೆವ್ವ ಬಾಗಿಲ ಹೊರಗೇ ನಿಂತಿದ್ದಳು. ಅಜ್ಜನ ಹೆಂಡತಿ ಅವಳನ್ನು ಕಂಡು ಕೂಗಿ ಕೇಳಿದಳು:

“ಎಲ್ಲೈತವ್ವಾ ನಿಮ್ಮಿಬ್ಬರ ಗಾಡಿ? ಮೊದಲ ಗಿರಾಕಿ ಆಗಲಿಲ್ಲಂತ ನನ್ನ ಮುಂದ ಬೇಸರ ಮಾಡ್ಕೊಂಡಿದ್ರು. ಅದು ಬರೋತನಕ ಇವ್ರನ್ನ ಎತ್ತೂದು ಬ್ಯಾಡ.”

ಮಕ್ಕಳು ಆ ಬೇರೆ ಗಾಡಿ ಬೇಡವೆಂದು ಹೇಳಿ ಕಳಿಸಿದರು. ಮೌಲಾಸಾಬ್ ನನ್ನನ್ನು ಬಜಾರಿನ ನಡುವೆ ನಿಧಾನವಾಗಿ ತಂದ. ಅಜ್ಜನನ್ನು ನನ್ನೊಳಗೆ ಮಲಗಿಸಿದರು. ಅಂಗಡಿಗಳವರು ಬಾಗಿಲು ಮುಚ್ಚಿ ನನ್ನ ಹಿಂದೆ ನಡೆದರು.

ಮುಂದಿನ ಸಭೆಯಲ್ಲಿ ಟ್ರ್ಯಾಕ್ಟರಿನ ವಿಷಯ ಬಂತು. ಅದಕ್ಕೆ ಸೂಚಕರು ಸಿಗಲಿಲ್ಲ.

ಆಮೇಲೆ ನಾನು ಎಲ್ಲ ಓಣಿಗಳಿಗೂ ಹೋದೆ. ಈಗ ನನ್ನ ಎಂಜಿನ್ ಸೋತಿದೆ, ತಳ ತುಕ್ಕು ಹಿಡಿದಿದೆ. ಮೌಲಾಸಾಬ್ ನಿವೃತ್ತನಾದ, ಹುಲಿಗೆವ್ವ ಈಗ ಸದಸ್ಯೆಯಲ್ಲ. ಮೊನ್ನೆ ಹೊಸ ಶವವಾಹನಕ್ಕೆ ಸಭೆ ಒಪ್ಪಿತಂತೆ. ಸೂಚಕರಾಗಲು ಪೈಪೋಟಿಯಿತ್ತಂತೆ.

ಪುರಸಭೆಯ ಹಿತ್ತಲಲ್ಲಿ ಹರಾಜಿಗೆ ಕಾಯುತ್ತಾ ನಿಂತಿದ್ದೇನೆ. ನನ್ನ ಪಕ್ಕದಲ್ಲಿ ಆ ಹಳೆಯ ಟ್ರ್ಯಾಕ್ಟರ್ ಇದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಹೇರಿದ್ದನ್ನು ಅದು ಹೊತ್ತಿತು. ನಾನು ಬಂದ ಮೇಲೆ ಅದು ಕಸವನ್ನು ಮಾತ್ರ ಹೊತ್ತಿತು.