ಚೀಟಿಯಲ್ಲಿ ಮಿಕ್ಕ ಹೊತ್ತು

ಥಾರ್ನ್‌ಬಿ ಊರಿನವರು ನಿಯಮ ಮೀರುವ ಪೈಕಿಯಲ್ಲ. ನಾಲ್ಕು ಜನ ಸಾಲಾಗಿ ನಿಂತಿದ್ದರೆ, ಏತಕ್ಕೆಂದು ಕೇಳದೆ ಹಿಂದೆ ಹೋಗಿ ಐದನೆಯವರಾಗಿ ನಿಲ್ಲುವ ಜನ. ಆದರೆ ಬೆಕ್ ಲೇನ್ ಕಾರ್ ಪಾರ್ಕಿನ ಯಂತ್ರ ಉಗುಳುವ ಚೀಟಿಯ ಬೆನ್ನಮೇಲೆ ‘ಇದನ್ನು ಬೇರೆಯವರಿಗೆ ಕೊಡತಕ್ಕದ್ದಲ್ಲ’ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ಆ ಒಂದು ಸಾಲನ್ನು ಮಾತ್ರ ಊರಿಗೆ ಊರೇ ಗಾಳಿಗೆ ತೂರಿತ್ತು. ಎರಡು ಗಂಟೆಗೆ ದುಡ್ಡು ಕಟ್ಟಿ ಒಂದೇ ಗಂಟೆಯಲ್ಲಿ ಕೆಲಸ ಮುಗಿಸಿದವರು ಮಿಕ್ಕ ಹೊತ್ತನ್ನು ಮನೆಗೆ ಒಯ್ಯುತ್ತಿರಲಿಲ್ಲ. ಆಗತಾನೇ ಬಂದು ನಿಂತ ಕಾರಿನ ಕಿಟಕಿ ತಟ್ಟಿ, ಇನ್ನೂ ಹೊತ್ತಿದೆ, ತಗೊಳ್ಳಿ ಎಂದು ಚೀಟಿ ಕೊಟ್ಟು ಹೋಗುತ್ತಿದ್ದರು. ಯಾರೂ ಕಾಣದಿದ್ದರೆ ಯಂತ್ರದ ಸಂದಿಗೆ ಸಿಕ್ಕಿಸುತ್ತಿದ್ದರು. ಮಳೆ ಚಳಿಯ ಮಾತು ಬಿಟ್ಟರೆ ಗುರುತಿಲ್ಲದವರ ಜೊತೆ ಏನು ಮಾತಾಡಬೇಕೆಂದು ತಿಳಿಯದ ಆ ಜನಕ್ಕೆ ಇದೊಂದು ಒಳ್ಳೆಯ ನೆಪವಾಗಿತ್ತು.

ಕ್ಲಿಫ್ ರೇಸ್ಟ್ರಿಕ್‌ಗೆ ಹೆಂಡತಿ ಸಿಕ್ಕಿದ್ದೇ ಹೀಗೆ. ಆಗ ಅವನು ಊರ ಬಸ್ಸಿನ ಚಾಲಕ. ಬುಧವಾರ ರಜೆ, ಸಂತೆಯೂ ಬುಧವಾರವೇ. ಕಲ್ಲುಹಾಸಿನ ಚೌಕದಲ್ಲಿ ಚೀಸ್ ಅಂಗಡಿಯವನು ಚಾಕುವಿನ ತುದಿಯಲ್ಲಿ ಚೂರು ಚೂರು ಕೊಟ್ಟು ರುಚಿ ತೋರಿಸುತ್ತಿದ್ದ. ಕಬ್ಬಿಣದ ಸಾಮಾನಿನವನು ಮೊಳೆಯನ್ನು ತೂಗಿ ಕಾಗದದಲ್ಲಿ ಕಟ್ಟುತ್ತಿದ್ದ. ಹಂದಿ ಮಾಂಸದ ಕಡುಬು ಬಿಸಿಯಾಗಿ ಬರುವ ವೇಳೆಗೆ ಬೇಕರಿಯ ಮುಂದೆ ಸಾಲು ಬೆಳೆಯುತ್ತಿತ್ತು. ಅಂಥ ಒಂದು ಬುಧವಾರ, ಮೂಗು ಉದುರಿಹೋಗುವಂಥ ಚಳಿಯಲ್ಲಿ, ಕ್ಲಿಫ್ ತನ್ನ ಹಳೆಯ ಮಾರಿಸ್ ಕಾರನ್ನು ಬೆಕ್ ಲೇನಿನಲ್ಲಿ ನಿಲ್ಲಿಸಿ ಚಿಲ್ಲರೆಗೆ ಜೇಬು ತಡಕುತ್ತಿದ್ದ. ಹಸಿರು ಕೋಟಿನ ಹುಡುಗಿಯೊಬ್ಬಳು ಕಿಟಕಿ ತಟ್ಟಿದಳು. “ನನ್ನ ಕೆಲಸ ಬೇಗ ಮುಗೀತು. ಇದು ನಿಮಗಾಗುತ್ತೆ” ಎಂದು ಚೀಟಿ ಕೊಟ್ಟಳು. ಅವಳ ಮೂಗು ಕೆಂಪಗೆ, ಬೆರಳು ಮಂಜಿನಂತೆ ತಣ್ಣಗೆ. ಕ್ಲಿಫ್ ಥ್ಯಾಂಕ್ಸ್ ಹೇಳುವುದನ್ನೇ ಮರೆತ. ಅದನ್ನು ಹೇಳಲಿಕ್ಕೆಂದೇ ಮರುವಾರ ಊರೆಲ್ಲ ಹುಡುಕಿ, ಕಾರ್ ಪಾರ್ಕಿನ ಪಕ್ಕದ ಚಪ್ಪಲಿ ಅಂಗಡಿಯಲ್ಲಿ ಅವಳನ್ನು ಕಂಡುಹಿಡಿದ. ಬೇಸಿಗೆಗೆ ಮದುವೆಯೂ ಆಯಿತು. ಅವಳೇ ಐಲೀನ್. ಈ ಕತೆಯನ್ನು ಕ್ಲಿಫ್ ಮದುವೆ ಮನೆಗಳಲ್ಲಿ ಹೇಳಿದ, ಪಬ್ಬಿನಲ್ಲಿ ಹೇಳಿದ, ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಐಲೀನಳ ಶವಪೆಟ್ಟಿಗೆಯ ಪಕ್ಕ ನಿಂತೂ ಹೇಳಿದ. “ಅವಳ ಕೆಲಸ ಹತ್ತು ನಿಮಿಷ ತಡವಾಗಿದ್ದರೆ ನನ್ನ ಬಾಳೇ ಬೇರೆ” ಎಂದು ಮುಗಿಸುವುದು ಅವನ ರೂಢಿ.

ಈಗ ಆ ಸಂತೆಯಲ್ಲಿ ಮೂರು ಮತ್ತೊಂದು ಅಂಗಡಿ. ಕ್ಲಿಫ್ ಓಡಿಸುತ್ತಿದ್ದ ಬಸ್ಸೂ ನಿಂತುಹೋಯಿತು. ಅದನ್ನು ಉಳಿಸಲೆಂದೇ ಅವನು ಪುರಸಭೆಗೆ ನಿಂತು ಗೆದ್ದದ್ದು. ಗೆದ್ದ, ಬಸ್ಸು ಮಾತ್ರ ಉಳಿಯಲಿಲ್ಲ. ಕೊನೆಗೆ ಊರಲ್ಲಿ ಹಳೆಯದೆಂದು ಮಿಕ್ಕಿದ್ದು ಬೆಕ್ ಲೇನಿನ ಯಂತ್ರ, ಅದರ ಚೀಟಿ. ಬುಧವಾರ ಬುಧವಾರ ಕ್ಲಿಫ್ ಬೇಕಿರಲಿ ಬೇಡದಿರಲಿ ಅಲ್ಲಿ ಕಾರು ನಿಲ್ಲಿಸುತ್ತಿದ್ದ. ಹೊರಡುವಾಗ ಯಾರದಾದರೂ ಕಿಟಕಿ ತಟ್ಟುತ್ತಿದ್ದ. ಒಳಗಿನ ಮುಖ ಮೊದಲು ಗಾಬರಿಯಾಗಿ ಆಮೇಲೆ ಅರಳುವುದನ್ನು ನೋಡುವಾಗ ಐಲೀನ್ ಇಲ್ಲೇ ಎಲ್ಲೋ ಅಂಗಡಿಗೆ ಹೋಗಿದ್ದಾಳೆ ಎನ್ನಿಸುತ್ತಿತ್ತು. ವಾರಕ್ಕೊಮ್ಮೆ ಅಷ್ಟು ಸಿಕ್ಕರೆ ಅವನಿಗೆ ಸಾಕಾಗಿತ್ತು.

ಅದಕ್ಕೇ ಕಲ್ಲು ಬಿದ್ದದ್ದು. ಮಾರ್ಜರಿ ಥ್ವೈಟ್ ಎಂಬ ಸದಸ್ಯೆ ಒಂದು ಪ್ರಸ್ತಾಪ ತಂದಳು: ಹಳೆಯ ಯಂತ್ರ ತೆಗೆದು ಹೊಸದನ್ನು ನಿಲ್ಲಿಸುವುದು, ಸಂಜೆಗೂ ಭಾನುವಾರಕ್ಕೂ ಶುಲ್ಕ ಹಾಕುವುದು, ಬಂದ ಹಣದಲ್ಲಿ ಊರಿಗೊಂದು ಸಾರಿಗೆ ಯೋಜನೆ ಬರೆಸುವುದು. ಯೋಜನೆ ಬರೆಯುವ ತಜ್ಞರು ಲೀಡ್ಸ್ ನಗರದಿಂದ ಬರುವವರು. ಅವರ ಶುಲ್ಕ ಕೇಳಿ ಕ್ಲಿಫ್ ಕುರ್ಚಿ ಹಿಡಿದುಕೊಂಡ. ಬಸ್ಸಿಗೆ ಕಾಸಿಲ್ಲ ಎಂದು ಕೈಯಲ್ಲಾಡಿಸಿದ ಪುರಸಭೆ, ಬಸ್ಸೇಕಿಲ್ಲ ಎಂದು ಬರೆದುಕೊಡುವವರಿಗೆ ಕಾಸು ಕೊಡಲು ಹೊರಟಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದರೆ ಇದೇ. ಆದರೆ ಅವನಿಗೆ ನಿಜವಾಗಿ ಉರಿದದ್ದು ಬೇರೆ. ಹೊಸ ಯಂತ್ರಕ್ಕೆ ಕಾರಿನ ನಂಬರು ಒತ್ತಬೇಕು. ಚೀಟಿಯ ಮೇಲೆ ಆ ನಂಬರೇ ಬರುತ್ತದೆ. ಆಮೇಲೆ ಅದನ್ನು ಯಾರಿಗೆ ಕೊಟ್ಟರೇನು, ಮೂಗು ಒರೆಸಲಿಕ್ಕೂ ಬಾರದು.

ಕ್ಲಿಫ್ ಮತ್ತು ಮಾರ್ಜರಿಯದು ಎಣ್ಣೆ ಸೀಗೆಕಾಯಿ. ಅವಳು ಐಲೀನಳ ಗೆಳತಿ, ಹಿಂದೆ ಅದೇ ಚಪ್ಪಲಿ ಅಂಗಡಿಯಲ್ಲಿ ಜೊತೆಗಿದ್ದವಳು. ಐಲೀನ್ ಇರುವಷ್ಟು ದಿನ ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಚಹಾ ಕುಡಿಯುತ್ತ ಜಗಳವಾಡುತ್ತಿದ್ದರು. ಅವಳು ಹೋದಮೇಲೆ ಚಹಾ ನಿಂತು ಜಗಳ ಉಳಿಯಿತು. ಕಾರ್ ಪಾರ್ಕಿನ ಗುಂಡಿಗಳನ್ನು ನೆನಪುಗಳಿಂದ ಮುಚ್ಚಲಾಗುವುದಿಲ್ಲ ಎಂದು ಮಾರ್ಜರಿ ಹೋದಲ್ಲೆಲ್ಲ ಹೇಳಿಕೊಂಡು ಬಂದಳು. ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಕ್ಲಿಫ್‌ಗೆ ಕೋಪ.

ಒಂಬತ್ತು ಜನರ ಸಭೆ. ಕ್ಲಿಫ್ ಮನೆಮನೆಗೆ ಹೋಗಿ ಒಬ್ಬೊಬ್ಬರನ್ನೇ ಒಲಿಸಿಕೊಂಡಿದ್ದ. ಒಂದೇ ಒಂದು ಮತದಿಂದ ಪ್ರಸ್ತಾಪ ಬೀಳುತ್ತದೆ ಎಂದು ಖಚಿತವಾದಮೇಲೆ ತುಸು ನಿದ್ದೆ ಹತ್ತಿತ್ತು.

ಸಭೆಯ ದಿನ ಮಾತಾಡುವ ಸರದಿ ಬಂದಾಗ ಅವನು ಎದ್ದು ನಿಂತು ತಜ್ಞರ ಶುಲ್ಕದಿಂದ ಶುರುಮಾಡಿದ. ಸಂಜೆಯ ಶುಲ್ಕದಿಂದ ಪಬ್ಬಿಗೂ ಚರ್ಚಿನ ಗಾಯನ ಮಂಡಳಿಗೂ ಏನಾಗುತ್ತದೆ ಎಂದು ಹೇಳಿದ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಮಾತು ತಾನಾಗಿಯೇ ಹಸಿರು ಕೋಟಿನ ಕಡೆಗೆ ಹೊರಳಿತು. ಕೆಂಪು ಮೂಗು, ತಣ್ಣನೆಯ ಬೆರಳಿನವರೆಗೂ ಬಂತು. ಕ್ಲಿಫ್ ಮೇಜು ನೋಡುತ್ತ ನಿಂತ. ತಾನು ಊರಿನ ಮಾತಾಡುತ್ತಿಲ್ಲ, ತನ್ನ ಮನೆಯ ಮಾತಾಡುತ್ತಿದ್ದೇನೆ ಎಂದು ಆ ಕ್ಷಣ ಅವನಿಗೆ ಹೊಳೆಯಿತು.

ಅಲ್ಲಿಯ ಸಭೆಗಳಲ್ಲಿ ಒಂದು ಪದ್ಧತಿಯುಂಟು. ಚರ್ಚೆಯ ವಿಷಯದಲ್ಲಿ ಯಾರಿಗಾದರೂ ಸ್ವಂತದ ಸಂಬಂಧವಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ ಕೋಣೆಯಿಂದ ಆಚೆ ಹೋಗಬೇಕು, ಮತ ಹಾಕಬಾರದು. ಅದರಲ್ಲಿ ಕ್ಲಿಫ್‌ನಷ್ಟು ಕಟ್ಟುನಿಟ್ಟು ಬೇರೆ ಯಾರೂ ಇಲ್ಲ. ಹೋದ ವರ್ಷ ಕಸಾಯಿ ಅಂಗಡಿಯ ನೆವಿಲ್, ತನ್ನ ಅಂಗಡಿಯ ಮುಂದಿನ ಕಾಲುದಾರಿಯ ರಿಪೇರಿಗೆ ಕೈಯೆತ್ತಲು ಹೋದಾಗ ಎಬ್ಬಿಸಿ ಆಚೆ ಕಳಿಸಿದವನು ಇವನೇ. ನೆವಿಲ್ ಆಚೆ ಹೋದ, ಪ್ರಸ್ತಾಪ ಬಿತ್ತು, ಕಾಲುದಾರಿ ಇವತ್ತಿಗೂ ಬಾಯಿಬಿಟ್ಟುಕೊಂಡಿದೆ. ಆ ನೆವಿಲ್ ಈಗ ಇವನ ಪರವಾಗಿ ಮತ ಹಾಕಲು ಎದುರಿಗೇ ಕೂತಿದ್ದ.

“ಅಧ್ಯಕ್ಷರೇ,” ಕ್ಲಿಫ್ ಹೇಳಿದ, “ಇದರಲ್ಲಿ ನನ್ನ ಸ್ವಂತದ್ದು ಇದೆ. ಮೊದಲೇ ಹೇಳಬೇಕಿತ್ತು. ನಾನು ಆಚೆ ಹೋಗ್ತೀನಿ.”

ಪುರಸಭೆಯ ಕಾರ್ಯದರ್ಶಿ ಇಮೋಜನ್, ಕೆಲಸಕ್ಕೆ ಸೇರಿ ವರ್ಷವಾಗದ ಹೆಣ್ಣುಮಗಳು, ನಿಯಮ ಇರುವುದು ಆಸ್ತಿಗೆ, ಆದಾಯಕ್ಕೆ, ಮನಸ್ಸಿನ ಸಂಗತಿಗಲ್ಲ, ಕೂತುಕೊಳ್ಳಿ ಎಂದು ಮೆಲ್ಲಗೆ ಬೇಡಿಕೊಂಡಳು.

“ನೆವಿಲ್‌ಗೆ ಕಾಲುದಾರಿಯಿಂದ ಏನು ಆದಾಯ ಇತ್ತಮ್ಮ? ಅದನ್ನೇನು ಬೇಯಿಸಿ ತಿಂತಿದ್ದನಾ?” ಎಂದು ಕ್ಲಿಫ್ ಕೋಟು ಎತ್ತಿಕೊಂಡು ಹೊರಟ. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ.

ಮೊಗಸಾಲೆಯಲ್ಲಿ ಒಂದು ಉದ್ದನೆಯ ಬೆಂಚು, ಗೋಡೆಯ ಮೇಲೆ ಗತಿಸಿದ ಅಧ್ಯಕ್ಷರುಗಳ ಪಟ, ಮೂಲೆಯಲ್ಲಿ ಚಹಾದ ಪಾತ್ರೆ. ಕ್ಲಿಫ್ ಕೂತ. ತನ್ನ ಕಾಲಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದ. ಆ ಒಂದು ಮತ ಬೇರೆ ಯಾರದೂ ಅಲ್ಲ, ಅವನದೇ. ಮತ ಸಮಸಮವಾದರೆ ಅಧ್ಯಕ್ಷರ ಹೆಚ್ಚುವರಿ ಮತ ಮಾರ್ಜರಿಯ ಕಡೆಗೇ. ಇನ್ನು ಕಾಲು ಗಂಟೆಯಲ್ಲಿ ಬೆಕ್ ಲೇನ್ ಹೋಗುತ್ತದೆ, ಅದರ ಜೊತೆ ಬುಧವಾರವೂ ಹೋಗುತ್ತದೆ. ಐಲೀನ್, ನಾನೇ ಕಳೆದೆನಲ್ಲೇ ಎಂದು ಮನಸ್ಸಿನಲ್ಲೇ ಅಂದುಕೊಂಡ. ಎದ್ದು ಒಳಗೆ ಹೋಗಿಬಿಡಲೇ ಎಂದು ಒಂದು ಸಲ ಕಾಲು ಕೂಡ ಎತ್ತಿದ. ಮರ್ಯಾದೆ ಬಿಡಲಿಲ್ಲ.

ಬಾಗಿಲು ತೆರೆಯಿತು. ಬಂದವಳು ಮಾರ್ಜರಿ. ಅಷ್ಟು ಬೇಗ ಗೆದ್ದಳೇ ಎಂದು ಕ್ಲಿಫ್ ಮುಖ ತಿರುಗಿಸಿದ.

“ಸರ್ಕೊಳ್ಳಯ್ಯ” ಎಂದು ಅವಳು ಪಕ್ಕದಲ್ಲಿ ಕೂತಳು. “ಪೆದ್ದ ನೀನು. ನಿನ್ನ ದೆಸೆಯಿಂದ ನಾನೂ ಆಚೆ ಬರಬೇಕಾಯ್ತು.”

“ನಿನಗೇನಾಯ್ತು?”

“ನನಗೂ ಇದರಲ್ಲಿ ಸ್ವಂತದ್ದಿದೆ. ನೀನು ಹೇಳಿಕೊಂಡು ಹೋದ ಮೇಲೆ ನಾನು ಕಲ್ಲಿನ ಥರ ಕೂತಿರೋಕಾಗುತ್ತಾ?”

ಏನದು ಎಂದು ಅವನು ಕೇಳುವಷ್ಟರಲ್ಲಿ ನೆವಿಲ್ ಹೊರಗೆ ಬಂದ. ಮಗ ಹುಟ್ಟಿದ ದಿನ ಆಸ್ಪತ್ರೆಗೆ ಓಡುವಾಗ ಯಾರೋ ಕೈಗೆ ಚೀಟಿ ತುರುಕಿದ್ದರಂತೆ. ಸತ್ಯ ಹೇಳಬೇಕಲ್ಲ ಎಂದ. ಅವನ ಹಿಂದೆಯೇ ಶಾಲೆಯ ನಿವೃತ್ತ ಉಪಾಧ್ಯಾಯಿನಿ ಬಂದರು. ತಾಯಿಗೆ ಹುಷಾರಿಲ್ಲದ ಆ ಚಳಿಗಾಲ ಪೂರ್ತಿ ಅವರು ಕಾರು ನಿಲ್ಲಿಸಿದ್ದು ಪರರ ಚೀಟಿಯಲ್ಲೇ. ಆಮೇಲೆ ಇನ್ನಿಬ್ಬರು, ಅವರ ಹಿಂದೆ ಮತ್ತೊಬ್ಬ. ಒಬ್ಬ ಹೇಳಿದ ಮೇಲೆ ಇನ್ನೊಬ್ಬ ಸುಮ್ಮನೆ ಕೂತರೆ ಅವನೇ ಕಳ್ಳನಾದಂತಲ್ಲವೇ. ಬೆಂಚು ತುಂಬಿ, ನಿಂತವರ ಕೈಗೆ ಚಹಾ ಬಂತು. ಯಾರು ಯಾರಿಂದ ಯಾವಾಗ ಇಸಕೊಂಡದ್ದು, ಕೊಟ್ಟವರು ಏನೆಂದರು ಎಂಬ ಕತೆ ಶುರುವಾಯಿತು. ಆ ಮೊಗಸಾಲೆಯಲ್ಲಿ ಅಷ್ಟು ನಗು ಹಿಂದೆಂದೂ ಕೇಳಿರಲಿಲ್ಲ.

ಒಳಗೆ ಉಳಿದವರು ಇಬ್ಬರೇ. ಒಬ್ಬರು ಅಧ್ಯಕ್ಷ ಗ್ರೇಮ್, ಹುಟ್ಟಿದಾಗಿನಿಂದ ಸೈಕಲ್ಲು ಬಿಟ್ಟು ಬೇರೆ ಏರದವರು. ಇನ್ನೊಬ್ಬ ಲಂಡನ್ನಿನಿಂದ ಹೊಸದಾಗಿ ಬಂದು ನೆಲೆಸಿದವನು. ತನಗೆ ಈವರೆಗೂ ಯಾರೂ ಒಂದು ಚೀಟಿ ಕೊಟ್ಟಿಲ್ಲ ಎಂದು ಅವನು ಮುಖ ಸಣ್ಣ ಮಾಡಿಕೊಂಡು ಕೂತಿದ್ದ.

ಇಮೋಜನ್ ಹೊರಗೆ ಬಂದು, ಮತ ಹಾಕಲು ಕನಿಷ್ಠ ಮೂವರು ಬೇಕು, ಇಬ್ಬರೇ ಇದ್ದಾರೆ, ಹಾಗಾಗಿ ಪ್ರಸ್ತಾಪ ಬಿದ್ದಂತೆ, ಇನ್ನು ಆರು ತಿಂಗಳು ಅದನ್ನು ತರುವಂತಿಲ್ಲ ಎಂದು ತಿಳಿಸಿದಳು. ಏಳು ಜನ ಸದಸ್ಯರು ನಿಯಮ ಮುರಿದದ್ದನ್ನು ಒಪ್ಪಿಕೊಂಡರು ಎಂದು ನಡಾವಳಿಯಲ್ಲಿ ಬರೆಯಬೇಕೇ ಎಂದು ಕೇಳಿದಳು. ಬರೀಬೇಕಮ್ಮ, ಬರೀದೆ ಆಗುತ್ತಾ ಎಂದು ಎಲ್ಲರೂ ಒಟ್ಟಿಗೇ ಹೇಳಿದರು.

“ಅಕ್ಟೋಬರಲ್ಲಿ ಮತ್ತೆ ತರ್ತೀನಿ, ತಿಳ್ಕೋ” ಎಂದಳು ಮಾರ್ಜರಿ.

ಒಬ್ಬೊಬ್ಬರಾಗಿ ಕೋಟು ಹಾಕಿಕೊಂಡು ಹೊರಟರು. ಕ್ಲಿಫ್‌ಗೆ ಆರು ತಿಂಗಳ ಬುಧವಾರಗಳು ಸಿಕ್ಕಿದ್ದವು, ಮೈ ಹಗುರವಾಗಿತ್ತು. ಬೆಂಚಿನಲ್ಲಿ ಅವನೂ ಮಾರ್ಜರಿಯೂ ಮಾತ್ರ ಉಳಿದರು. ಐಲೀನ್ ಹೋದಮೇಲೆ ಇಬ್ಬರೂ ಜೊತೆಗೆ ಕೂತು ಚಹಾ ಕುಡಿದದ್ದು ಇದೇ ಮೊದಲು.

“ನಿನ್ನ ಸ್ವಂತದ್ದು ಏನು ಅಂತ ಹೇಳಲೇ ಇಲ್ಲ” ಎಂದು ಅವನು ಕೇಳಿದ.

ಹೇಳೋದಿಲ್ಲ ಅಂತ ಐಲೀನ್‌ಗೆ ಮಾತು ಕೊಟ್ಟಿದ್ದೆ ಎಂದಳು ಮಾರ್ಜರಿ. ಈಗ ಹೇಳಿದರೆ ಬೈಯಲಿಕ್ಕೆ ಅವಳಿಲ್ಲವಲ್ಲ ಎಂದೂ ಅಂದಳು. ಆಮೇಲೆ, “ಆ ಚೀಟಿ ತಗೊಳ್ಳೋಕೆ ಚಿಲ್ಲರೆ ಕೊಟ್ಟವಳು ನಾನು ಕಣಯ್ಯ” ಎಂದಳು.

“ಅದು ಮಿಕ್ಕ ಚೀಟಿ. ಅವಳ ಕೆಲಸ ಬೇಗ ಮುಗೀತು.”

“ಮಿಕ್ಕ ಚೀಟಿಯಂತೆ. ಅವಳಿಗೆ ಕಾರೆಲ್ಲಿತ್ತು ಆಗ?”

ಐಲೀನ್‌ಗೆ ಕಾರು ಓಡಿಸಲು ಕಲಿಸಿದ್ದೇ ಕ್ಲಿಫ್. ಮದುವೆಯಾದಮೇಲೆ, ಹಾಳುಬಿದ್ದ ವಿಮಾನ ನಿಲ್ದಾಣದ ಬಯಲಿನಲ್ಲಿ, ಅವಳು ಬ್ರೇಕಿಗೂ ಕ್ಲಚ್ಚಿಗೂ ಒಟ್ಟಿಗೇ ಕಾಲಿಟ್ಟು ಕಿರುಚಿಕೊಳ್ಳುತ್ತಿದ್ದಾಗ ಹೊಟ್ಟೆ ಹಿಡಿದು ನಕ್ಕಿದ್ದ. ಇಷ್ಟು ವರ್ಷ ಊರೆಲ್ಲ ಆ ಕತೆ ಹೇಳಿದವನಿಗೆ, ಕೇಳಿದ ಊರಿಗೂ, ಕಾರಿಲ್ಲದವಳ ಕೈಯಲ್ಲಿ ಚೀಟಿ ಹೇಗೆ ಬಂತು ಎಂಬ ಪ್ರಶ್ನೆ ಹೊಳೆದಿರಲಿಲ್ಲ.

ಬುಧವಾರ ಬಂತೆಂದರೆ ಅವಳು ಅಂಗಡಿಯ ಕಿಟಕಿ ಬಿಟ್ಟು ಅಲುಗುತ್ತಿರಲಿಲ್ಲ ಎಂದು ಮಾರ್ಜರಿ ಹೇಳಿದಳು. ಇವನು ಬರುವುದು, ಜೇಬು ತಡಕುವುದು, ಚಿಲ್ಲರೆ ಬೀಳಿಸಿ ಹುಡುಕುವುದು, ಎಲ್ಲ ಅಲ್ಲಿಂದಲೇ. ಮಾತಾಡಿಸುವುದು ಹೇಗೆಂದು ತಿಂಗಳುಗಟ್ಟಲೆ ಯೋಚಿಸಿ ಕೊನೆಗೆ ಚೀಟಿಯ ಉಪಾಯ ಹೂಡಿದಳಂತೆ.

ಕ್ಲಿಫ್ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆ ಬೆರಳು ಅಷ್ಟು ತಣ್ಣಗಿದ್ದದ್ದು ಈಗ ಅವನಿಗೆ ಬೇರೆ ಥರ ಕಂಡಿತು.

“ಎಷ್ಟು ಹೊತ್ತು ನಿಂತಿದ್ದಳು?”

“ನೀನು ಅವತ್ತು ತಡ ಮಾಡಿದೆ” ಎಂದಳು ಮಾರ್ಜರಿ. “ಚೀಟಿಯ ಹೊತ್ತು ಮುಗಿದೇ ಹೋಯ್ತು. ಒಳಗೆ ಬಾರೇ ಅಂತ ಕರೆದೆ, ಬರಲಿಲ್ಲ. ನನ್ನ ಹತ್ರ ಇನ್ನೊಂದಷ್ಟು ಚಿಲ್ಲರೆ ಇಸ್ಕೊಂಡು ಹೋಗಿ ಎರಡನೇದು ತಗೊಂಡು ನಿಂತಳು.”

ಕ್ಲಿಫ್ ಅಳತೊಡಗಿದ. ಮಾರ್ಜರಿ ಅವನ ಕೈಯಿಂದ ಕಪ್ಪು ತೆಗೆದು ಬೆಂಚಿನ ಮೇಲಿಟ್ಟಳು.